ಯಂತ್ರಕ್ಕಿಂತ ಮೊದಲು ಸಾಣೆಕಲ್ಲು

ಆಷಾಢದ ಮಳೆಯಲ್ಲಿ ಮಾಡಿ ಮುಗಿಸಿದ ಟೀಪಾಯಿ ಯುಗಾದಿಯ ಹೊತ್ತಿಗೆ ಸೀಳಿತು. ಹಲಸಿನ ಮೇಲ್ಹಲಗೆ, ನಡುವೆ ಒಂದು ಪೋಸ್ಟ್‌ಕಾರ್ಡ್ ತೂರಿಸುವಷ್ಟು ಬಿರುಕು. ಮೂರು ಹಲಗೆಗಳನ್ನು ಅಂಟು ಹಾಕಿ ಜೋಡಿಸಿದ್ದೆ. ಬಿರುಕು ಬಿಟ್ಟದ್ದು ಅಂಟಿದ ಕಡೆ ಅಲ್ಲ, ಅದರ ಪಕ್ಕದ ಗಟ್ಟಿ ಮರದಲ್ಲಿ. ನಮ್ಮ ಮನೆಯ ಬಾಗಿಲು, ಕಿಟಕಿ ಮಾಡಿಕೊಟ್ಟ ಆಚಾರ್ರು ಒಂದು ದಿನ ಬಂದಾಗ ಅದನ್ನು ತಲೆಕೆಳಗು ಮಾಡಿ ನೋಡಿದರು. "ಅಂಟೂ ಹಾಕಿದ್ದೀರಿ, ಸುತ್ತಲೂ ಸ್ಕ್ರೂನೂ ಬಿಗಿದಿದ್ದೀರಿ. ಮರ ಇನ್ನೆಲ್ಲಿಗೆ ಹೋಗ್ಬೇಕು ಸ್ವಾಮಿ?" ಎಂದರು.

ಬಿಡುವಿನ ವೇಳೆ ಮರಗೆಲಸ ಮಾಡುವ ನಮ್ಮಂಥವರಿಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಎರಡೇ ಮೂಲದಿಂದ ಹುಟ್ಟುತ್ತವೆ: ಒಣಗದ ಮರ ಮತ್ತು ಮೊಂಡು ಅಲಗು. ಇವೆರಡನ್ನೂ ಯಂತ್ರ ಸರಿಪಡಿಸುವುದಿಲ್ಲ. ಹಸಿ ಮರವನ್ನು ಒಳ್ಳೆಯ ಯಂತ್ರದಲ್ಲಿ ಕೊಯ್ದರೆ ಅದು ನೇರವಾಗಿ ಕೊಯ್ದ ಹಸಿ ಮರವಾಗಿರುತ್ತದೆ, ಅಷ್ಟೆ. ಮೊದಲ ಸಂಬಳದಲ್ಲೋ ಬೋನಸ್ಸಿನಲ್ಲೋ ಯಂತ್ರ ಕೊಳ್ಳಲು ಹೊರಟವರಿಗೆ ನಾನು ಹೇಳುವುದು ಒಂದೇ. ಮೊದಲು ಒಂದು ಸಾಣೆಕಲ್ಲು ಕೊಳ್ಳಿ, ಆಮೇಲೆ ಅಡುಗೆಮನೆಯ ತಕ್ಕಡಿಯನ್ನು ಸ್ವಲ್ಪ ದಿನ ಎರವಲು ಕೇಳಿ. ತಕ್ಕಡಿ ಯಾಕೆಂದು ಮುಂದೆ ಹೇಳುತ್ತೇನೆ.

ಮರ ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಉದ್ದದಲ್ಲಿ ಅದು ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಅಗಲದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಅದರಲ್ಲೂ ಉಂಗುರಗಳ ಸುತ್ತಿನ ದಿಕ್ಕಿಗೆ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಸುಮಾರು ಎರಡು ಪಟ್ಟು. ಅಗಲ ಹಲಗೆ ಒಣಗುತ್ತಾ ಬಟ್ಟಲಿನಂತೆ ಬಾಗುವುದಕ್ಕೆ ಕಾರಣ ಇದೇ. ಮಳೆಗಾಲದ ಕರಾವಳಿಯ ಮನೆಯೊಳಗೆ ಮರದ ತೇವಾಂಶ ಶೇಕಡಾ 16ನ್ನು ದಾಟಬಹುದು. ಅದೇ ಮರ ಕಲಬುರಗಿಯ ಏಪ್ರಿಲ್ ಬಿಸಿಲಿನ ದಿನಗಳಲ್ಲಿ 8ಕ್ಕಿಂತ ಕೆಳಗಿಳಿಯುತ್ತದೆ. ಊರಿನಿಂದ ಅಮೆರಿಕಕ್ಕೆ ಒಯ್ದ ಮಣೆಯೋ ಪೆಟ್ಟಿಗೆಯೋ ಅಲ್ಲಿ ಹೀಟರ್ ಹಾಕಿದ ಮೊದಲ ಚಳಿಗಾಲದಲ್ಲೇ ಬಿರಿಯುವುದಕ್ಕೂ ಇದೇ ಕಾರಣ. 45 ಸೆಂಟಿಮೀಟರ್ ಅಗಲದ ಮೇಲ್ಹಲಗೆ ಶೇಕಡಾ 1ರಷ್ಟು ಕುಗ್ಗಿದರೂ ನಾಲ್ಕೂವರೆ ಮಿಲಿಮೀಟರ್ ಆಯಿತು. ಆ ನಾಲ್ಕೂವರೆ ಮಿಲಿಮೀಟರಿಗೆ ಜಾಗ ಬಿಡದಿದ್ದರೆ ಮರ ತಾನೇ ಸೀಳಿಕೊಂಡು ಜಾಗ ಮಾಡಿಕೊಳ್ಳುತ್ತದೆ.

ಹಳೆಯ ತೊಟ್ಟಿಮನೆಗಳ ಹಲಗೆ ಬಾಗಿಲನ್ನು ಹತ್ತಿರದಿಂದ ನೋಡಿ. ಸುತ್ತ ಗಟ್ಟಿ ಚೌಕಟ್ಟು, ಅದರ ಒಳಬದಿಯಲ್ಲಿ ಗಾಡಿ, ಅಂದರೆ ಉದ್ದಕ್ಕೂ ಕೊರೆದ ತೋಡು, ಆ ಗಾಡಿಯೊಳಗೆ ಹಲಗೆ. ಹಲಗೆಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಮಳೆಗಾಲದಲ್ಲಿ ಗಾಡಿಯೊಳಗೇ ಹಿಗ್ಗಿ, ಬೇಸಗೆಯಲ್ಲಿ ಕುಗ್ಗಿ, ನೂರು ವರ್ಷ ಸೀಳದೆ ನಿಂತಿರುತ್ತದೆ. ಟೀಪಾಯಿಗೂ ಇದೇ ಉಪಾಯ. ಮೇಲ್ಹಲಗೆಯನ್ನು ಕೆಳಚೌಕಟ್ಟಿಗೆ ಅಂಟಿಸಬೇಡಿ. ನಡುವಿನ ಸ್ಕ್ರೂಗೆ ಮಾತ್ರ ದುಂಡು ತೂತು ಇರಲಿ. ಉಳಿದ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿಸಿ, ವಾಷರ್ ಹಾಕಿ, ಕೈಬಿಗಿಗಿಂತ ಸ್ವಲ್ಪ ಹೆಚ್ಚು ಬಿಗಿ ಮಾಡಿ ನಿಲ್ಲಿಸಿ. ನನ್ನ ಟೀಪಾಯಿಯನ್ನು ಬಿಚ್ಚಿ, ಬಿರುಕಿನ ಗುಂಟ ಸೀಳಿ, ಕೀಸಿ, ಮತ್ತೆ ಅಂಟಿಸಿ ಹೀಗೆ ಕೂರಿಸಿದ ಮೇಲೆ ನಾಲ್ಕು ಬೇಸಗೆ ಕಳೆದಿವೆ. ಇನ್ನೂ ಸೀಳಿಲ್ಲ.

ಈಗ ತಕ್ಕಡಿಯ ಮಾತು. ಸಾಮಿಲ್ಲಿನಲ್ಲಿ "ಒಣಗಿದ ಮರ, ಧೈರ್ಯವಾಗಿ ತಗೊಳ್ಳಿ" ಎಂದರೂ ಅದನ್ನು ಅಂದೇ ಬಳಸಬೇಡಿ. ಗಾಳಿಯಲ್ಲಿ ಒಣಗಿಸಲು ದಪ್ಪದ ಇಂಚಿಗೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ನಮ್ಮ ಬಯಲುಸೀಮೆಯ ಬಿಸಿಲಿಗೆ ಸ್ವಲ್ಪ ಬೇಗ ಆಗಬಹುದು, ಮಲೆನಾಡಿನಲ್ಲಿ ಅಷ್ಟೂ ಬೇಕು. ಮನೆಗೆ ತಂದ ಹಲಗೆಯ ನಡುಭಾಗದಿಂದ ಒಂದು ಸಣ್ಣ ತುಂಡು ಕತ್ತರಿಸಿ ತೂಗಿ ಬರೆದಿಡಿ. ತುದಿಯ ತುಂಡು ಬೇಡ, ಅದು ಬೇಗ ಒಣಗಿ ತಪ್ಪು ಲೆಕ್ಕ ಕೊಡುತ್ತದೆ. ಆ ತುಂಡನ್ನು ಓವನ್ನಿನಲ್ಲಿ 100 ಡಿಗ್ರಿಯ ಆಸುಪಾಸಿನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 112 ಗ್ರಾಂ ಇದ್ದದ್ದು 100 ಗ್ರಾಂಗೆ ಬಂದು ನಿಂತರೆ ತೇವ ಶೇಕಡಾ 12. ಮೈಸೂರು, ಬೆಂಗಳೂರಿನ ಮನೆಯೊಳಗಿನ ಪೀಠೋಪಕರಣಕ್ಕೆ ಅದು ಒಳ್ಳೆಯ ಮಟ್ಟ. ಓವನ್ ಇಲ್ಲದವರು ಒಂದು ಹಲಗೆಯನ್ನು ಗುರುತು ಮಾಡಿ ವಾರಕ್ಕೊಮ್ಮೆ ತೂಗಿದರೂ ಸಾಕು. ನಾಲ್ಕಾರು ವಾರ ತೂಕ ಬದಲಾಗದೆ ನಿಂತರೆ, ಆ ಮರ ನಿಮ್ಮ ಮನೆಯ ಗಾಳಿಗೆ ಹೊಂದಿಕೊಂಡಿತು ಎಂದರ್ಥ.

ಹಲಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬಾಗುತ್ತವೆ. ನೆರಳಿನಲ್ಲಿ ಮಲಗಿಸಿ, ಒಂದೂವರೆ ಅಡಿಗೊಂದರಂತೆ ಒಂದೇ ದಪ್ಪದ ಪಟ್ಟಿಗಳನ್ನು ನಡುವೆ ಇಡಿ. ಪಟ್ಟಿಯ ಮೇಲೆ ಪಟ್ಟಿ ನೇರವಾಗಿ ಬರಬೇಕು. ಎರಡೂ ತುದಿಗಳಿಗೆ ಹಳೆಯ ಬಣ್ಣವನ್ನೋ ಮೇಣವನ್ನೋ ಬಳಿದರೆ ತುದಿ ಸೀಳುವುದು ತಪ್ಪುತ್ತದೆ. ಇಷ್ಟು ತಾಳ್ಮೆ ಇಲ್ಲದವರು ಕೆಡವಿದ ಮನೆಗಳ ಹಳೇ ಮರ ಹುಡುಕಿ. ದಶಕಗಟ್ಟಲೆ ಒಣಗಿದ ತೇಗ, ಮತ್ತಿ, ಹೊನ್ನೆ ಅದರಲ್ಲಿ ಸಿಗುತ್ತದೆ, ಬೆಲೆಯೂ ಹೊಸದಕ್ಕಿಂತ ಕಡಿಮೆ. ಕೀಸುವ ಮೊದಲು ಆಯಸ್ಕಾಂತವನ್ನು ಮೇಲೆಲ್ಲ ಆಡಿಸಿ. ಒಳಗೆ ಮುರಿದುಳಿದ ಒಂದು ಮೊಳೆ ಹೊಸ ಬ್ಲೇಡನ್ನು ಒಂದೇ ಸಲಕ್ಕೆ ಹಾಳು ಮಾಡುತ್ತದೆ. ತೇಗ, ಬೀಟೆ ಯಾವುದನ್ನೇ ಕೊಂಡರೂ ರಶೀದಿ ಕೇಳಿ ಪಡೆಯಿರಿ, ಜೋಪಾನವಾಗಿಡಿ. ಮರಗಳ ಗುರುತು ಕಲಿಯುವ ಆಸೆಯುಳ್ಳವರಿಗೆ ಬೆಂಗಳೂರು ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ.

ಅಂಗಡಿಯಿಂದ ತಂದ ಹೊಸ ಉಳಿ ಹರಿತವಾಗಿರುವುದಿಲ್ಲ. ಕಾರ್ಖಾನೆ ಅದಕ್ಕೆ ಆಕಾರ ಕೊಟ್ಟಿರುತ್ತದೆ, ಅಲಗನ್ನು ನಾವೇ ಕೊಡಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಮೊದಲ ವಾರವೇ ಉಳಿಯನ್ನು ಕೊಡತಿಯಿಂದ ಬಡಿದು, ಮರದ ಅಂಚು ಜಜ್ಜಿ, ತಮಗೆ ಈ ಕೆಲಸ ಬಾರದು ಎಂದು ಕೈಬಿಡುತ್ತಾರೆ. ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಮಸೆಯಲು ದುಬಾರಿ ಕಲ್ಲು ಬೇಕೇ ಬೇಕೆಂದಿಲ್ಲ. ಸೊಟ್ಟವಿಲ್ಲದ ದಪ್ಪ ಗಾಜಿನ ತುಂಡು, ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರು 220, 400, 800, 1500ರ ಹಾಳೆಗಳು, ನೀರು, ಇಷ್ಟಾದರೆ ಆರಂಭಿಸಬಹುದು. ಮೊದಲು ಉಳಿಯ ಬೆನ್ನು. ಇಳಿಜಾರಿಲ್ಲದ ಆ ಬದಿಯ ಮುಂಭಾಗದ ಒಂದಿಂಚನ್ನು ಗಾಜಿನ ಮೇಲೆ ಹಾಸಿದ ಒದ್ದೆ ಹಾಳೆಗೆ ಚಪ್ಪಟೆಯಾಗಿ ಒತ್ತಿ ಉಜ್ಜಿ, ಅಂಚಿನವರೆಗೂ ಒಂದೇ ಸಮನೆ ಹೊಳಪು ಬರಬೇಕು. ಬೇಸರ ಹಿಡಿಸುವ ಕೆಲಸ ಇದು, ಆದರೆ ಒಂದು ಉಳಿಗೆ ಜೀವಮಾನದಲ್ಲಿ ಒಮ್ಮೆ ಮಾಡಿದರೆ ಮುಗಿಯಿತು. ಆಮೇಲೆ ಇಳಿಜಾರಿನ ಬದಿ. 25ರಿಂದ 30 ಡಿಗ್ರಿ ಕೋನ ಸಾಕು. ಕೋನಮಾಪಕ ಬೇಕಿಲ್ಲ, ಇಳಿಜಾರಿನ ಉದ್ದ ಉಳಿಯ ದಪ್ಪದ ಎರಡರಷ್ಟಿದ್ದರೆ ಅದು ಸರಿಯಾಗಿ 30 ಡಿಗ್ರಿ. ಕೋನ ಅಲುಗದಂತೆ ಹಿಡಿದು ಉಜ್ಜುತ್ತಾ ಹೋದರೆ, ಬೆನ್ನಿನ ಕಡೆ ಬೆರಳಿಗೆ ತಾಗುವಂತೆ ಕಬ್ಬಿಣದ ಒಂದು ತೆಳು ಎಳೆ ಏಳುತ್ತದೆ. ಅದು ಅಂಚಿನ ಉದ್ದಕ್ಕೂ ಎದ್ದ ಮೇಲೆಯೇ ಮುಂದಿನ ನಯದ ಹಾಳೆಗೆ ಹೋಗಬೇಕು. ಏಳುವ ಮೊದಲೇ ಹಾಳೆ ಬದಲಿಸುವುದು ಎಲ್ಲರೂ ಮಾಡುವ ತಪ್ಪು. ಕೊನೆಗೆ ಬೆನ್ನನ್ನು ನಯವಾದ ಹಾಳೆಯ ಮೇಲೆ ಎರಡು ಬಾರಿ ಎಳೆದು, ಹಳೆಯ ತೊಗಲಿನ ಬೆಲ್ಟಿನ ಒರಟು ಬದಿಯ ಮೇಲೆ ಹಿಂದಕ್ಕೆ ಹತ್ತು ಸಲ ಸವರಿದರೆ ಆ ಎಳೆ ಉದುರುತ್ತದೆ.

ಪರೀಕ್ಷೆ ಸುಲಭ. ಸಿಲ್ವರ್ ಓಕಿನ ತುಂಡೊಂದರ ಅಡ್ಡ ಕೊಯ್ದ ತುದಿಯನ್ನು ಕೈಯ ಒತ್ತಡದಲ್ಲೇ ಕೆತ್ತಿ ನೋಡಿ. ಪುಡಿಯಾಗದೆ ತೆಳು ಪದರ ಎದ್ದು, ಹಿಂದೆ ಹೊಳೆಯುವ ಮೈ ಉಳಿದರೆ ಉಳಿ ಹರಿತವಾಗಿದೆ. ಕೆಲಸದ ನಡುವೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ತೊಗಲಿನ ಮೇಲೆ ಸವರುತ್ತಿದ್ದರೆ ಕಲ್ಲಿಗೆ ಮರಳುವ ಸಂದರ್ಭವೇ ಕಡಿಮೆ. ಬೀದಿಯಲ್ಲಿ ಸೈಕಲ್ ಮೇಲೆ ಬರುವ ಸಾಣೆಯವರು ಈಳಿಗೆಗೆ, ಕತ್ತರಿಗೆ ಒಳ್ಳೆಯವರು. ಉಳಿಯನ್ನು ಮಾತ್ರ ಕೊಡಬೇಡಿ. ತಿರುಗುವ ಒಣ ಸಾಣೆಗೆ ಅಂಚು ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತು, ಆ ನೀಲಿ ಭಾಗ ಪೂರ್ತಿ ಸವೆಯುವವರೆಗೆ ಅಲಗು ನಿಲ್ಲುವುದಿಲ್ಲ. ಮನೆಯ ಬೆಂಚ್ ಗ್ರೈಂಡರಿನಲ್ಲೂ ಅಷ್ಟೆ, ಪಕ್ಕದಲ್ಲಿ ನೀರಿನ ಡಬ್ಬ ಇಟ್ಟುಕೊಂಡು ಎರಡು ಮೂರು ಸೆಕೆಂಡಿಗೊಮ್ಮೆ ಅದ್ದುತ್ತಿರಿ.

ತೋಪಡದ ಬ್ಲೇಡಿಗೂ ಇದೇ ಕ್ರಮ. ಕೀಸುವಾಗ ನಾರು ಕಿತ್ತು ಬರುತ್ತಿದ್ದರೆ ಮೊದಲು ಹಲಗೆಯನ್ನು ತಿರುಗಿಸಿ ಎದುರು ದಿಕ್ಕಿನಿಂದ ಕೀಸಿ ನೋಡಿ. ಬೇವಿನಂಥ ಮರದಲ್ಲಿ ಎಳೆಗಳು ಹೆಣೆದುಕೊಂಡಿರುತ್ತವೆ, ಯಾವ ದಿಕ್ಕಿನಿಂದಲೂ ಕಿತ್ತು ಬರುತ್ತದೆ. ಅಂಥ ಕಡೆ ಬ್ಲೇಡನ್ನು ಹೊಸದಾಗಿ ಮಸೆದು, ತೀರಾ ತೆಳು ಸುರುಳಿ ಬರುವಷ್ಟೇ ಇಳಿಸಿ. ಸುರುಳಿ ಬಾಯಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ ಬ್ಲೇಡಿನ ಮೇಲಿನ ತಗಡು ಸರಿಯಾಗಿ ಕೂತಿಲ್ಲ, ಅವೆರಡರ ನಡುವೆ ಬೆಳಕು ಕಾಣದಂತೆ ತಗಡಿನ ಅಂಚನ್ನು ಅರದಿಂದ ತಿದ್ದಿ.

ಆರಂಭಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ. ಕಾಲು, ಅರ್ಧ, ಒಂದು ಇಂಚಿನ ಮೂರು ಉಳಿ, ಒಂದು ತೋಪಡ, ಸಣ್ಣ ಹಲ್ಲಿನ ಗರಗಸ, ಕೊಡತಿ, ಮೂಲೆಮಟ್ಟ, ಉಕ್ಕಿನ ಅಳತೆಪಟ್ಟಿ, ನಾಲ್ಕು ಕ್ಲಾಂಪು, ಒಂದು ಡ್ರಿಲ್. ಹಲ್ಲಿನ ತುದಿ ಕಪ್ಪು ನೀಲಿಯಾಗಿರುವ ಗರಗಸ ತುಂಬಾ ದಿನ ಬಾಳುತ್ತದೆ, ಆದರೆ ಅದನ್ನು ಅರದಿಂದ ಮತ್ತೆ ಹರಿತ ಮಾಡಲಾಗದು ಎಂದು ತಿಳಿದು ಕೊಳ್ಳಿ. ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಿ: ನೇರ ಅಂಚಿಗೆ ಒತ್ತಿ ಗೆರೆ ಎಳೆಯಿರಿ, ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಎಳೆಯಿರಿ. ಎರಡು ಗೆರೆ ಕೂಡದಿದ್ದರೆ ಅದು ಸೊಟ್ಟ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಕಡೆ ಹತ್ತು ಅಂಗಡಿ ಸುತ್ತುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಗುರುತು ಹಾಕಲು ಪೆನ್ಸಿಲಿಗಿಂತ ಚಾಕು ಮೇಲು. ಚಾಕುವಿನ ಗೆರೆಯಲ್ಲಿ ಉಳಿ ತಾನಾಗಿ ಕೂರುತ್ತದೆ.

ಕೆಲಸದ ಮೇಜು, ನಿಂತು ಕೈ ಇಳಿಬಿಟ್ಟರೆ ಮಣಿಕಟ್ಟು ಬರುವಷ್ಟು ಎತ್ತರ ಇರಲಿ, ಭಾರವಿರಲಿ, ಗೋಡೆಗೆ ತಾಗಿರಲಿ. ಮೇಜಿಗೆ ಜಾಗವಿಲ್ಲದ ಫ್ಲ್ಯಾಟಿನವರು ನಿರಾಶರಾಗಬೇಕಿಲ್ಲ. ನಮ್ಮ ಬಡಗಿಗಳು ನೆಲದ ಮೇಲೆ ಕೂತು, ಮರವನ್ನು ಕಾಲಿನಲ್ಲಿ ಅದುಮಿ ಹಿಡಿದು, ಎಂಥೆಂಥ ಕೆತ್ತನೆ ಮಾಡಿದ್ದಾರೆ. ಮೂರಡಿಯ ದಪ್ಪ ಹಲಗೆಯ ತುದಿಗೆ ಒಂದು ಅಡ್ಡಪಟ್ಟಿ ಬಡಿದರೆ ಬಾಲ್ಕನಿಯಲ್ಲೇ ಕಾರ್ಯಾಗಾರ ಸಿದ್ಧ.

ಇನ್ನು ಒಂದು ವಿಷಯವನ್ನು ಬೇಡಿಕೊಂಡು ಹೇಳಬೇಕಾಗಿದೆ. ಟೈಲ್ಸ್ ಕತ್ತರಿಸುವ ನಾಲ್ಕಿಂಚಿನ ಮಾರ್ಬಲ್ ಕಟ್ಟರಿಗೆ ಮರದ ಹಲ್ಲಿನ ಬ್ಲೇಡು ಹಾಕಿ, ಅದನ್ನು ತಲೆಕೆಳಗಾಗಿ ಪ್ಲೈವುಡ್ಡಿನ ಅಡಿಗೆ ಬಿಗಿದು, ಟೇಬಲ್ ಸಾ ಎಂದು ಬಳಸುವುದು ಎಲ್ಲ ಊರುಗಳಲ್ಲೂ ಕಾಣುತ್ತದೆ. ಅಗ್ಗ, ನಿಜ. ಆದರೆ ಆ ಯಂತ್ರ ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಮರ ಕೊಯ್ಯಲೆಂದೇ ಮಾಡಿದ ಏಳಿಂಚಿನ ಸರ್ಕ್ಯುಲರ್ ಸಾ ಸುಮಾರು 5,000 ಸುತ್ತಿನದು. ಕಲ್ಲು ಕತ್ತರಿಸುವ ಬ್ಲೇಡಿಗೆ ಹಲ್ಲಿಲ್ಲ, ಅದು ಸವೆಸುತ್ತದೆ. ಮರದ ಬ್ಲೇಡಿನ ಹಲ್ಲು ಕಚ್ಚುತ್ತದೆ. ಕೊಯ್ದ ಮರ ಒಳಗಿನ ಬಿಗಿತ ಸಡಿಲಿ ಮತ್ತೆ ಕೂಡಿಕೊಂಡು ಬ್ಲೇಡಿನ ಹಿಂಭಾಗವನ್ನು ಒತ್ತಿ ಹಿಡಿದ ಕ್ಷಣ, ಇಡೀ ಹಲಗೆ ನಿಮ್ಮ ಹೊಟ್ಟೆಯ ಕಡೆಗೆ ಹಾರುತ್ತದೆ, ಅದನ್ನು ಒತ್ತುತ್ತಿದ್ದ ಕೈ ಬ್ಲೇಡಿನ ಕಡೆಗೆ ಹೋಗುತ್ತದೆ. ನಿಜವಾದ ಟೇಬಲ್ ಸಾದಲ್ಲಿ ಬ್ಲೇಡಿನ ಹಿಂದೆ, ಸೀಳಿದ ಮರ ಕೂಡದಂತೆ ತಡೆಯುವ ಒಂದು ತೆಳು ತಗಡು ಇರುತ್ತದೆ. ಈ ಮನೆಮದ್ದಿನ ಯಂತ್ರದಲ್ಲಿ ಅದಿಲ್ಲ, ಮುಚ್ಚಳವಿಲ್ಲ, ಕೈಗೆಟಕುವ ಸ್ವಿಚ್ಚೂ ಇಲ್ಲ. ಆಂಗಲ್ ಗ್ರೈಂಡರಿಗೆ ಮರದ ಬ್ಲೇಡು ಹಾಕುವುದೂ ಇಷ್ಟೇ ಅಪಾಯ. ಜೀವನೋಪಾಯಕ್ಕೆ ಬೇರೆ ದಾರಿಯಿಲ್ಲದ ಕೆಲಸಗಾರರು ಬಳಸುತ್ತಾರೆ, ಅವರ ಬೆರಳುಗಳನ್ನು ನೋಡಿದ್ದೇನೆ. ಹವ್ಯಾಸಕ್ಕೆ ಮಾಡುವ ನಮಗೆ ಆ ಅನಿವಾರ್ಯತೆ ಇಲ್ಲ.

ಪ್ಲೈವುಡ್ ಕತ್ತರಿಸಬೇಕೇ? ಕೊಳ್ಳುವ ಅಂಗಡಿಯಲ್ಲೇ ವಿಚಾರಿಸಿ. ಈಗ ಅನೇಕ ಕಡೆ ದೊಡ್ಡ ಯಂತ್ರದಲ್ಲಿ ಅಳತೆಗೆ ಕೊಯ್ದು ಕೊಡುತ್ತಾರೆ, ನೀವು ಮನೆಯಲ್ಲಿ ಎಳೆಯುವ ಯಾವ ಗೆರೆಗಿಂತಲೂ ನೇರ ಬರುತ್ತದೆ. ಹಾಳೆಯ ಮೇಲಿನ ಐಎಸ್ಐ ಗುರುತಿನ ಪಕ್ಕದ ಸಂಖ್ಯೆ ನೋಡಿ: ಐಎಸ್ 303 ಸಾಮಾನ್ಯ ಬಳಕೆಯದು, ಅಡುಗೆಮನೆಗೆ, ತೇವದ ಗೋಡೆಗೆ ಐಎಸ್ 710.

ಯಂತ್ರ ಬಳಸುವಾಗ ಕೈಗೆ ಗವಸು ಬೇಡ, ತಿರುಗುವ ಭಾಗ ಅದನ್ನು ಸೆಳೆದುಕೊಳ್ಳುತ್ತದೆ. ಪಂಚೆ, ದುಪಟ್ಟಾ, ಸಡಿಲ ತೋಳು, ಕೊರಳ ಸರ ಕೂಡ ಬೇಡ. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್-95 ಮಾಸ್ಕು ಬೇಕೇ ಬೇಕು. ಮರದ ದೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಬೀಟೆ, ತೇಗದ ದೂಳಿಗೆ ಚರ್ಮ ತುರಿಸುವವರೂ ಇದ್ದಾರೆ. ಉಪ್ಪುಕಾಗದ ಉಜ್ಜುವ ಕೆಲಸ ಮನೆಯ ಹೊರಗೆ ಇರಲಿ, ಮಕ್ಕಳು ಆಡುವ ಕಡೆಯಂತೂ ಬೇಡವೇ ಬೇಡ. ವಿದ್ಯುತ್ತಿಗೆ ಮೂರು ಪಿನ್ನಿನ ಪ್ಲಗ್ಗು, ಅರ್ಥಿಂಗ್ ಸರಿಯಿರುವ ಸಾಕೆಟ್ಟು, 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಎಕ್ಸ್‌ಟೆನ್ಷನ್ ವೈರು ತೆಳುವಾದರೆ ದೂರದ ಯಂತ್ರಕ್ಕೆ ವೋಲ್ಟೇಜು ಕಡಿಮೆಯಾಗಿ ಮೋಟಾರು ಕಾಯುತ್ತದೆ. 2.5 ಚದರ ಮಿಲಿಮೀಟರಿನ ತಂತಿಯಿರಲಿ, ಸುತ್ತಿಟ್ಟ ವೈರನ್ನು ಪೂರ್ತಿ ಬಿಚ್ಚಿ ಬಳಸಿ.

ಅಂಟಿನ ವಿಷಯ ಚಿಕ್ಕದು. ಫೆವಿಕಾಲಿನಂಥ ಬಿಳಿ ಅಂಟು ಚೆನ್ನಾಗಿ ಕೂಡಿದ ಎರಡು ಮೈಗಳನ್ನು ಮರಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ, ಸಂದು ತುಂಬುವುದು ಅದರ ಕೆಲಸವಲ್ಲ. ಅಡ್ಡ ಕೊಯ್ದ ತುದಿಗೆ ಅಂಟೊಂದೇ ಸಾಲದು. ಅಲ್ಲಿ ಒಂದು ತುಂಡಿಗೆ ಚೌಕ ತೂತು, ಇನ್ನೊಂದಕ್ಕೆ ಅದರೊಳಗೆ ಬಿಗಿಯಾಗಿ ಕೂರುವ ನಾಲಿಗೆ ಮಾಡಬೇಕು. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಮರದ ರಂಧ್ರಕ್ಕೆ ಇಳಿದು, ಪಾಲಿಶ್ ಹಚ್ಚಿದಾಗ ಬಿಳಿ ಕಲೆಯಾಗಿ ಕಾಣುತ್ತದೆ. ಅರ್ಧ ಗಂಟೆ ಬಿಟ್ಟು, ರಬ್ಬರಿನಂತೆ ಆದಾಗ ಉಳಿಯಿಂದ ಎಬ್ಬಿಸಿ.

ಮಾವು, ರಬ್ಬರ್ ಮರದಲ್ಲಿ, ಯಾವುದೇ ಮರದ ಹೊರಗಿನ ಬಿಳಿ ಭಾಗದಲ್ಲಿ ಕುಟ್ಟೆ ಹಿಡಿಯುವುದು ಹೆಚ್ಚು. ಅಲ್ಲಿರುವ ಪಿಷ್ಟ ಆ ಹುಳಕ್ಕೆ ಆಹಾರ. ಪೀಠೋಪಕರಣದ ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದು ಕಂಡರೆ ಅದೇ. ಪಾಲಿಶಿಗೆ ಮೊದಲೇ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ಒಣಗಿಸಿದರೆ ರಕ್ಷಣೆ ಸಿಗುತ್ತದೆ. ತರಕಾರಿ ಹೆಚ್ಚುವ ಮಣೆಗೆ, ಊಟದ ಸಾಮಾನಿಗೆ ಇದನ್ನು ಬಳಸಬೇಡಿ.

ಮಳೆಗಾಲದ ತುಕ್ಕಿಗೆ ಹೊಲಿಗೆ ಯಂತ್ರದ ಎಣ್ಣೆಯೇ ಸಾಕು. ಕೆಲಸ ಮುಗಿದ ಕೂಡಲೇ ಬೆವರಿನ ಗುರುತು ಒರೆಸಿ, ಎಣ್ಣೆ ಬಟ್ಟೆಯಿಂದ ಸವರಿ ಇಡಿ. ತೊಗಲಿನ ಚೀಲದಲ್ಲಿ ಇಡಬೇಡಿ, ತೊಗಲು ತೇವ ಹಿಡಿಯುತ್ತದೆ. ತುಕ್ಕು ಹಿಡಿದೇಬಿಟ್ಟ ಅಜ್ಜನ ಕಾಲದ ಉಳಿ ಅಟ್ಟದಲ್ಲಿ ಸಿಕ್ಕರೆ ಎಸೆಯಬೇಡಿ. ಹುಣಸೆಹಣ್ಣಿನ ಗಟ್ಟಿ ನೀರಿನಲ್ಲೋ ವಿನಿಗರಿನಲ್ಲೋ ರಾತ್ರಿಯಿಡೀ ನೆನೆಸಿ, ಉಜ್ಜಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚಿ. ಒಳ್ಳೆಯ ಹಳೆಯ ಉಕ್ಕು ಇಂದಿನ ಅಗ್ಗದ ಉಳಿಗಳಿಗಿಂತ ಎಷ್ಟೋ ಮೇಲು.

ಕೊನೆಗೆ ಹೊಳಪು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುವ ಪಾಲಿಶು ಸುಲಭ, ಬೇಗ ಒಣಗುತ್ತದೆ, ಹಾಳಾದರೆ ಮತ್ತೆ ಅದನ್ನೇ ಹಚ್ಚಿ ಸರಿಪಡಿಸಬಹುದು. ಚನ್ನಪಟ್ಟಣದ ಬೊಂಬೆಗಳ ಮೈಮೇಲಿನ ಬಣ್ಣದ ಹೊಳಪೂ ಅರಗಿನದೇ, ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಬಿಸಿಗೇ ಕರಗಿಸಿ ಹಚ್ಚುತ್ತಾರೆ. ಸ್ಪಿರಿಟ್ಟಿನ ಪಾಲಿಶನ್ನು ಮಳೆ ಸುರಿಯುವ ದಿನ ಹಚ್ಚಬೇಡಿ, ತೇವ ಸಿಕ್ಕಿಕೊಂಡು ಮೈ ಬೆಳ್ಳಗಾಗುತ್ತದೆ. ಬಿಸಿ ಲೋಟ ಇಡುವ ಮೇಜಿಗೂ ಇದು ಹೊಂದದು. ಅಲ್ಲಿಗೆ ಅಗಸೆ ಎಣ್ಣೆ ಒಳ್ಳೆಯದು. ಡಬಲ್ ಬಾಯ್ಲ್ಡ್ ಎಂದು ಬರೆದದ್ದನ್ನು ಕೊಳ್ಳಿ, ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಹಿಡಿಯುತ್ತದೆ. ತೆಳುವಾಗಿ ಸವರಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿ ತೆಗೆದು, ಮರುದಿನ ಮತ್ತೊಂದು ಕೈ ಹಚ್ಚಿ.

ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಒಣಗುವಾಗ ಬಿಸಿ ಹುಟ್ಟಿಸುತ್ತದೆ. ಮುದ್ದೆಯೊಳಗಿನ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ, ಯಾರೂ ಕಡ್ಡಿ ಗೀರದಿದ್ದರೂ ಕೆಲವು ಗಂಟೆಗಳಲ್ಲಿ ತಾನೇ ಹೊತ್ತಿಕೊಳ್ಳಬಹುದು, ಸುತ್ತ ಮರದ ಹೊಟ್ಟು ಬೇರೆ ಇರುತ್ತದೆ. ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಮನೆಯ ಹೊರಗೆ ಒಂದೇ ಪದರವಾಗಿ ಹಗ್ಗದ ಮೇಲೆ ಹರಡಿ ಬನ್ನಿ. ಆ ದಿನದ ದೀಪ ಆರಿಸುವುದು ಆಮೇಲೆಯೇ ಇರಲಿ.